ತಲ್ಲೀನತೆಯಲ್ಲಿ ಹಣೆಯ ಹಿಂದಿನ ಮಿದುಳು ‘ಆಫ್’ ಆಗುತ್ತದೆಯೇ? ಹಾಗಾದರೆ ಅವಧಾನಿಗೆ ಎಲ್ಲವೂ ನೆನಪಿರುವುದು ಹೇಗೆ?

ಪ್ರಶ್ನೆ | ಕರಾವಳಿಗ

ನಾನು ಹವ್ಯಾಸಿ ತಾಳಮದ್ದಳೆ ಅರ್ಥಧಾರಿ. ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ ಅದರ ಅರ್ಥವನ್ನು ಆಶುವಾಗಿ ವಿಸ್ತರಿಸುವುದು, ಎದುರು ಪಾತ್ರಧಾರಿ ಎಸೆದ ವಾದಕ್ಕೆ ಅಲ್ಲೇ ಪ್ರತಿವಾದ ಹೂಡುವುದು ನಮ್ಮ ಕೆಲಸ. ಕೆಲವು ಕೂಟಗಳಲ್ಲಿ ಮಾತು ತಾನಾಗಿ ಹರಿಯುತ್ತದೆ. ಮುಂದಿನ ವಾಕ್ಯಕ್ಕಾಗಿ ತಡಕಾಡಬೇಕಾಗುವುದಿಲ್ಲ, ಹೊತ್ತು ಸರಿದದ್ದು ತಿಳಿಯುವುದಿಲ್ಲ, ಸಭೆಯಲ್ಲಿ ಯಾರು ಕುಳಿತಿದ್ದಾರೆಂಬ ಅಳುಕೂ ಇರುವುದಿಲ್ಲ. ಇನ್ನು ಕೆಲವು ಕೂಟಗಳಲ್ಲಿ ಅದೇ ಪ್ರಸಂಗ, ಅದೇ ಪಾತ್ರ, ಅಷ್ಟೇ ತಯಾರಿ ಇದ್ದರೂ ಒಂದೊಂದು ಮಾತನ್ನೂ ಎಳೆದು ತರಬೇಕಾಗುತ್ತದೆ.

ಇದಕ್ಕೆ ನರವಿಜ್ಞಾನ ಏನು ಹೇಳುತ್ತದೆ ಎಂದು ಓದುತ್ತ ಹೋದಾಗ ಎಲ್ಲೆಡೆ ಮೂರು ಮಾತುಗಳೇ ಸಿಕ್ಕವು. ‘ಫ್ಲೋ’ ಎಂಬ ತಲ್ಲೀನ ಸ್ಥಿತಿಯಲ್ಲಿ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಆಫ್ ಆಗುತ್ತದೆ. ಡೋಪಮೈನ್, ನಾರ್‌ಅಡ್ರಿನಲಿನ್, ಸೆರೊಟೋನಿನ್, ಎಂಡಾರ್ಫಿನ್, ಆನಂದಮೈಡ್ ಎಂಬ ಐದು ರಾಸಾಯನಿಕಗಳು ಒಮ್ಮೆಗೇ ಸುರಿಯುತ್ತವೆ. ಆಗ ಮನುಷ್ಯನ ಸಾಮರ್ಥ್ಯ ಐದು ಪಟ್ಟಾಗುತ್ತದೆ.

ನನ್ನ ಗೊಂದಲ ಮೊದಲನೆಯ ಮಾತಿನ ಬಗ್ಗೆ. ಎಂಟು ಪೃಚ್ಛಕರ ಸವಾಲುಗಳನ್ನು ಒಟ್ಟೊಟ್ಟಿಗೆ ನಿಭಾಯಿಸುವ ಅಷ್ಟಾವಧಾನ ನೋಡಿದವರಿಗೆ ಗೊತ್ತಿರುವಂತೆ, ಅವಧಾನಿ ನಿಷೇಧಾಕ್ಷರಿ (ಪೃಚ್ಛಕ ನಿಷೇಧಿಸಿದ ಅಕ್ಷರ ಬಿಟ್ಟು ಕಟ್ಟುವುದು), ಸಮಸ್ಯಾಪೂರ್ತಿ (ಕೊಟ್ಟ ಸಾಲಿಗೆ ಪದ್ಯ ಪೂರೈಸುವುದು), ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಕಟ್ಟುವುದು) ಮುಂತಾದವುಗಳ ಪದ್ಯಗಳನ್ನು ಸುತ್ತಿಗೆ ಒಂದೊಂದು ಪಾದದಂತೆ ಕಟ್ಟುತ್ತ ಹೋಗುತ್ತಾರೆ. ನಡುವೆ, ಚೌಕದ ಮನೆಗಳಿಗೆ ಅಂಕಿ ತುಂಬಿಸುವ ಸಂಖ್ಯಾಬಂಧದವರು ಯಾವಾಗ ಬೇಕಾದರೂ ಒಂದು ಮನೆಯ ಅಂಕಿ ಕೇಳಬಹುದು. ಅಪ್ರಸ್ತುತ ಪ್ರಸಂಗಿಗಂತೂ ಅಡ್ಡಬಾಯಿ ಹಾಕುವುದೇ ಕೆಲಸ. ಇಷ್ಟೆಲ್ಲ ಆದ ಮೇಲೆ, ಕಾಗದ ಪೆನ್ನುಗಳ ನೆರವಿಲ್ಲದೆ, ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸಬೇಕು. ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು, ನಿಯಮ ಪಾಲಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು ಇವೆಲ್ಲ ಪ್ರಿಫ್ರಂಟಲ್ ಕಾರ್ಟೆಕ್ಸಿನ ಹೊಣೆ ಎಂದೇ ಪುಸ್ತಕಗಳು ಹೇಳುತ್ತವೆ. ಅದು ಆಫ್ ಆದರೆ ಧಾರಣೆ ಹೇಗೆ ಸಾಧ್ಯ? ಅಥವಾ ಅವಧಾನ ತಲ್ಲೀನತೆಯೇ ಅಲ್ಲವೇ? ತಿಳಿದವರು ವಿವರಿಸಬೇಕು.

ಉತ್ತರ | ಮಿದುಳುಪುರಾಣ

ಗೊಂದಲ ನಿಮ್ಮದಲ್ಲ, ಆ ‘ಆಫ್’ ಎಂಬ ಮಾತಿನದು. ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಚೆಸ್ ಆಟಗಾರರು, ಬಂಡೆ ಹತ್ತುವವರು, ನೃತ್ಯಗಾರರು, ಶಸ್ತ್ರಚಿಕಿತ್ಸಕರು ಮೊದಲಾದವರನ್ನು ಮಾತನಾಡಿಸಿ ಈ ಅನುಭವದ ಲಕ್ಷಣಗಳನ್ನು ಗುರುತಿಸಿದರು. ಗುರಿ ಸ್ಪಷ್ಟವಾಗಿರುವುದು, ಮಾಡಿದ್ದರ ಫಲ ಕೂಡಲೇ ತಿಳಿಯುವುದು, ಸವಾಲು ಮತ್ತು ಕೌಶಲ ಸರಿಸಮವಾಗಿರುವುದು, ತನ್ನ ಬಗೆಗಿನ ಎಚ್ಚರ ಮರೆಯಾಗುವುದು, ಕಾಲದ ಅಳತೆ ತಪ್ಪುವುದು ಅವುಗಳಲ್ಲಿ ಮುಖ್ಯವಾದವು. ಇದೆಲ್ಲ ಮನಶ್ಶಾಸ್ತ್ರದ ವರ್ಣನೆ. ಮಿದುಳಿನ ಮಾತು ಇದರಲ್ಲಿ ಇರಲಿಲ್ಲ. ಅದನ್ನು ತಂದವರಲ್ಲಿ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಆರ್ನೆ ಡೀಟ್ರಿಚ್ ಪ್ರಮುಖರು. 2003ರಲ್ಲಿ ಅವರು ಮಂಡಿಸಿದ ಊಹೆಯ ಪ್ರಕಾರ, ದೀರ್ಘ ಓಟ, ಧ್ಯಾನ, ಕನಸು ಮುಂತಾದ ಸ್ಥಿತಿಗಳಲ್ಲಿ ಮಿದುಳಿನ ಮುಂಭಾಗದ ಚಟುವಟಿಕೆ ತಾತ್ಕಾಲಿಕವಾಗಿ ತಗ್ಗುತ್ತದೆ. ಮರುವರ್ಷ ಅವರು ಇದನ್ನು ತಲ್ಲೀನತೆಗೂ ಅನ್ವಯಿಸಿದರು. ಅವರು ಹೇಳಿದ್ದು ತಗ್ಗುವುದನ್ನು, ಮತ್ತು ಹೇಳಿದ್ದು ಊಹೆಯಾಗಿ. ‘ಆಫ್’ ಎಂಬುದು ಮುಂದೆ ಬಾಯಿಂದ ಬಾಯಿಗೆ ದಾಟುವಾಗ ಸೇರಿಕೊಂಡದ್ದು.

ಆ ಊಹೆಗೆ ಪುಷ್ಟಿಯೆಂದು ಎಲ್ಲರೂ ತೋರಿಸುವುದು ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ 2008ರಲ್ಲಿ ಪ್ರಕಟಿಸಿದ ಪ್ರಯೋಗ. ಆರು ಮಂದಿ ವೃತ್ತಿಪರ ಜಾಝ್ ಪಿಯಾನೋ ವಾದಕರನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಾಂತಕ್ಕೆ ಸಿಲುಕದಂತೆ ಮಾಡಿಸಿದ ಪುಟ್ಟ ಕೀಬೋರ್ಡ್ ಕೊಟ್ಟು, ಕಂಠಪಾಠವಾದದ್ದನ್ನು ನುಡಿಸಿದಾಗ ಮತ್ತು ಆಶುವಾಗಿ ನುಡಿಸಿದಾಗ ಮಿದುಳಿನಲ್ಲಿ ಆಗುವ ವ್ಯತ್ಯಾಸವನ್ನು ಅಳೆದರು. ಆಶುವಾದನದಲ್ಲಿ ಪ್ರಿಫ್ರಂಟಲ್ ಕಾರ್ಟೆಕ್ಸಿನ ಹೊರಪಾರ್ಶ್ವದ ಭಾಗಗಳು ತಗ್ಗಿದವು ನಿಜ. ಆದರೆ ಅದೇ ಕಾರ್ಟೆಕ್ಸಿನ ನಡುಗೆರೆಯ ತುದಿಭಾಗ ಹೆಚ್ಚು ಚುರುಕಾಯಿತು. ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂದರೆ ಒಂದೇ ಗುಂಡಿಯ ದೀಪವಲ್ಲ ಎಂಬುದಕ್ಕೆ ಇಷ್ಟೇ ಸಾಕು. ಇದಕ್ಕಿಂತ ದೊಡ್ಡ ತಕರಾರೂ ಒಂದಿದೆ: ಅವರು ಅಳೆದದ್ದು ಆಶುರಚನೆಯನ್ನು, ತಲ್ಲೀನತೆಯನ್ನಲ್ಲ. ಆಶುವಾಗಿ ನುಡಿಸಿದವರೆಲ್ಲ ಆ ಹೊತ್ತಿಗೆ ತಲ್ಲೀನರಾಗಿಯೇ ಇದ್ದರೆಂದು, ಅದೂ ಗಡಗಡ ಸದ್ದು ಮಾಡುವ ಕೊಳವೆಯೊಳಗೆ, ಹೇಗೆ ಹೇಳುವುದು?

ತಲ್ಲೀನತೆಯನ್ನೇ ಉಂಟುಮಾಡಿ ಅಳೆಯಲು ಹೊರಟದ್ದು ಜರ್ಮನಿಯ ಉಲ್ಮ್‌ನಲ್ಲಿ ಮಾರ್ಟಿನ್ ಉಲ್ರಿಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಕೆಲಸ ಬಾಯಿಲೆಕ್ಕ. ಒಂದು ಅವಧಿಯಲ್ಲಿ ಬೇಸರ ಬರುವಷ್ಟು ಸುಲಭದ ಲೆಕ್ಕ, ಇನ್ನೊಂದರಲ್ಲಿ ಕೈಸೋಲುವಷ್ಟು ಕಠಿಣ ಲೆಕ್ಕ, ಮತ್ತೊಂದರಲ್ಲಿ ಉತ್ತರಗಳನ್ನು ಗಮನಿಸುತ್ತ ಕಂಪ್ಯೂಟರ್ ಆ ವ್ಯಕ್ತಿಯ ಮಟ್ಟಕ್ಕೆ ಹೊಂದಿಸಿ ಕೊಡುವ ಲೆಕ್ಕ. ಈ ಮೂರನೆಯದರಲ್ಲಿ, ಉಳಿದೆರಡಕ್ಕೆ ಹೋಲಿಸಿದರೆ, ನಡುಗೆರೆಯ ಪ್ರಿಫ್ರಂಟಲ್ ಭಾಗವೂ ಎಡ ಅಮಿಗ್ಡಾಲವೂ ತಗ್ಗಿದವು. ಎಡಬದಿಯ ಕೆಳ ಫ್ರಂಟಲ್ ಮಡಿಕೆಯೂ ಪುಟಮೆನ್ ಎಂಬ ಒಳಗಂಟೂ ಏರಿದವು. ನಡುಗೆರೆಯ ಪ್ರಿಫ್ರಂಟಲ್ ಭಾಗ ನಾವು ನಮ್ಮ ಬಗ್ಗೆಯೇ ಯೋಚಿಸುವಾಗ ದುಡಿಯುವ ಜಾಲದ ಒಂದು ಕೇಂದ್ರ. ಅಮಿಗ್ಡಾಲ ಅಪಾಯ, ಅಂಜಿಕೆಗಳ ಸುಳಿವು ಹಿಡಿಯುವ ಕೇಂದ್ರಗಳಲ್ಲೊಂದು. ಸಭೆಯ ಅಳುಕು ಇಲ್ಲವಾಗುತ್ತದೆ ಎಂದಿರಲ್ಲ, ಆ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮುಖ್ಯವಾದ ಸಂಗತಿಯೆಂದರೆ, ಲೆಕ್ಕ ಮಾಡಲು ಬೇಕಾದ ಫ್ರಂಟಲ್ ಭಾಗಗಳು ಅಲ್ಲಿ ದುಡಿಯುತ್ತಲೇ ಇದ್ದವು.

ಗಮನಿಸಿ: ಒಂದು ಪ್ರಯೋಗದಲ್ಲಿ ನಡುಗೆರೆಯ ಭಾಗ ಏರಿತು, ಇನ್ನೊಂದರಲ್ಲಿ ಇಳಿಯಿತು. ಎರಡೂ ಕರಾರುವಾಕ್ಕಾಗಿ ಒಂದೇ ಜಾಗವಲ್ಲ, ಎರಡೂ ಒಂದೇ ಕೆಲಸವಲ್ಲ, ಹೋಲಿಕೆಗೆ ಇಟ್ಟುಕೊಂಡ ಸ್ಥಿತಿಗಳೂ ಬೇರೆ. ಈ ಕ್ಷೇತ್ರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2022ರ ಒಂದು ವ್ಯವಸ್ಥಿತ ಪರಾಮರ್ಶೆಗೂ ಫಲಿತಾಂಶಗಳಲ್ಲಿ ಕಂಡದ್ದು ಒಮ್ಮತಕ್ಕಿಂತ ಹೆಚ್ಚಾಗಿ ಚದುರುವಿಕೆಯೇ. ಆದ್ದರಿಂದ ನಾನು ಇಷ್ಟು ಮಾತ್ರ ಹೇಳಬಲ್ಲೆ: ತಗ್ಗುವುದು ತನ್ನನ್ನು ತಾನು ಕಾವಲು ಕಾಯುವ ಕೆಲಸ, ಕೈಯಲ್ಲಿರುವ ಕೆಲಸಕ್ಕೆ ಯಾವ ಭಾಗ ಬೇಕೋ ಅದು ತಗ್ಗಬೇಕೆಂಬ ನಿಯಮವೇನೂ ಇಲ್ಲ.

ಉತ್ತರ | ಶ್ರುತಿಪೆಟ್ಟಿಗೆ

ಮೇಲಿನವರ ಉತ್ತರದಲ್ಲಿ ಒಂದು ಅಂಶ ಬಿಟ್ಟುಹೋಗಿದೆ, ಮತ್ತು ವೀಣೆ ಕಲಿಸುವವಳಾಗಿ ನನಗೆ ಅದೇ ಎಲ್ಲಕ್ಕಿಂತ ಮುಖ್ಯ: ಯಾರ ಮಿದುಳು? ಕಲಿತವರದೋ, ಕಲಿಯುತ್ತಿರುವವರದೋ?

ಷಿಯನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಫುಟ್‌ಬಾಲ್ ಆಟಗಾರರು ಚೆಂಡನ್ನು ಕಂಬಗಳ ನಡುವೆ ಒದೆಯುತ್ತ ಸಾಗಬೇಕಿತ್ತು. ಒಮ್ಮೆ, ಪಾದದ ಯಾವ ಭಾಗ ಚೆಂಡಿಗೆ ತಾಗುತ್ತಿದೆ ಎಂಬುದನ್ನೇ ಗಮನಿಸಬೇಕು. ಇನ್ನೊಮ್ಮೆ, ಆಟಕ್ಕೆ ಸಂಬಂಧವಿಲ್ಲದ ಮಾತುಗಳನ್ನು ಕೇಳಿಸಿಕೊಳ್ಳುತ್ತ ಗೊತ್ತುಪಡಿಸಿದ ಪದ ಬಂದಾಗ ಹೇಳಬೇಕು. ನುರಿತವರು ಬಲಗಾಲಿನಲ್ಲಿ ಆಡುವಾಗ ಪಾದದ ಮೇಲೆ ಗಮನವಿಟ್ಟರೆ ನಿಧಾನವಾದರು, ಗಮನ ಬೇರೆಡೆ ಹೋದಾಗಲೇ ಚುರುಕಾಗಿದ್ದರು. ಹೊಸಬರದು ಇದಕ್ಕೆ ತಿರುಗುಮುರುಗು. ನನಗೆ ಅತಿ ಸ್ವಾರಸ್ಯವೆನಿಸಿದ್ದು, ಅದೇ ನುರಿತವರು ಎಡಗಾಲಿನಲ್ಲಿ ಆಡಿದಾಗ ಹೊಸಬರಂತೆಯೇ ವರ್ತಿಸಿದ್ದು. ಅಂದರೆ ಕಾವಲು ಬಿಡುವುದರಿಂದ ಲಾಭವಾಗುವುದು ಪಳಗಿದ ಕೌಶಲಕ್ಕೆ ಮಾತ್ರ, ಆ ಕೌಶಲ ಇರುವ ಕಾಲಿಗೆ ಮಾತ್ರ ಎನ್ನುವಷ್ಟು ಕಟ್ಟುನಿಟ್ಟಾಗಿ.

ಇದೇ ಮಾತನ್ನು ಮಿದುಳಿನಲ್ಲಿ ತೋರಿಸಿದ್ದು ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಡೇವಿಡ್ ರೋಸೆನ್, ಜಾನ್ ಕೂನಿಯಸ್ ಮತ್ತು ಸಂಗಡಿಗರ 2024ರ ಅಧ್ಯಯನ. ಅನುಭವದಲ್ಲಿ ಹೆಚ್ಚುಕಡಿಮೆಯಿದ್ದ 32 ಜಾಝ್ ಗಿಟಾರ್ ವಾದಕರು ಆಶುವಾಗಿ ನುಡಿಸಿದರು, ಪ್ರತಿ ನುಡಿಸಾಣಿಕೆಯ ನಂತರ ತಮ್ಮ ತಲ್ಲೀನತೆ ಎಷ್ಟಿತ್ತೆಂದು ತಾವೇ ಅಂಕ ಕೊಟ್ಟರು; ತಲೆಯ ಮೇಲೆ ಇಟ್ಟ ವಿದ್ಯುದ್ವಾರಗಳ ಮೂಲಕ, ಅಂದರೆ ಇಇಜಿಯಲ್ಲಿ, ಮಿದುಳಿನ ವಿದ್ಯುತ್ ದಾಖಲಾಯಿತು. ತಲ್ಲೀನತೆ ಹೆಚ್ಚು ಒಲಿದದ್ದು ಹೆಚ್ಚು ಅನುಭವ ಇದ್ದವರಿಗೆ. ಆಗ ಮೇಲ್ಭಾಗದ ಫ್ರಂಟಲ್ ಮಡಿಕೆಗಳ ಚಟುವಟಿಕೆ ತಗ್ಗಿದ್ದು ಕಂಡದ್ದೂ ಅವರಲ್ಲೇ. ಸಂಶೋಧಕರ ವಾದ ಸರಳ: ವರ್ಷಗಟ್ಟಲೆ ದುಡಿದು ಆ ಕೆಲಸಕ್ಕೆಂದೇ ಒಂದು ಜಾಲ ಬೆಳೆದಿರಬೇಕು, ಆಮೇಲೆ ಹಿಡಿತ ಸಡಿಲಿಸಬೇಕು. ಮೊದಲನೆಯದಿಲ್ಲದೆ ಎರಡನೆಯದನ್ನಷ್ಟೇ ಮಾಡಿದರೆ ಏನಾಗುತ್ತದೆ ಎಂದು ತಿಳಿಯಲು, ಸ್ವರಸ್ಥಾನ ಕೂರುವ ಮೊದಲೇ ಕಲ್ಪನಾಸ್ವರಕ್ಕೆ ಹಾರುವ ವಿದ್ಯಾರ್ಥಿಗಳನ್ನು ಕೇಳಿದರೆ ಸಾಕು.

ಇನ್ನೊಂದು ಮಾತು. ಅಭ್ಯಾಸದ ಹೊತ್ತಿನಲ್ಲೂ ತಲ್ಲೀನತೆಯನ್ನೇ ಬಯಸುವವರು ಈಚೆಗೆ ಹೆಚ್ಚಿದ್ದಾರೆ, ನನಗೆ ಅದು ಸರಿಕಾಣುವುದಿಲ್ಲ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಆಂಡರ್ಸ್ ಎರಿಕ್ಸನ್ 1993ರಲ್ಲಿ ವಿವರಿಸಿದ ಉದ್ದೇಶಪೂರ್ವಕ ಅಭ್ಯಾಸವು ಶ್ರಮದಾಯಕವಾದದ್ದು, ತನ್ನಷ್ಟಕ್ಕೆ ಸುಖ ಕೊಡುವಂಥದ್ದಲ್ಲ ಎಂದು ಅವರೇ ಒತ್ತಿ ಹೇಳಿದ್ದಾರೆ. ತಪ್ಪಿದ ಗಮಕವನ್ನು ಕಾಲವಿಳಂಬ ಮಾಡಿ, ಬಿಡಿಸಿ, ಮತ್ತೆ ಮತ್ತೆ ಮೀಟುವಾಗ ಕಾವಲು ಪೂರ್ತಿ ಎಚ್ಚರವಾಗಿರಬೇಕು. ಸಾಧಕದ ಕೋಣೆಯಲ್ಲೂ ಕಛೇರಿಯಲ್ಲೂ ಮಿದುಳಿನಿಂದ ನಾವು ಕೇಳುವುದು ಬೇರೆಬೇರೆ.

ಉತ್ತರ | ಕಂದಪದ್ಯ

ಅವಧಾನದ ಭಾಗಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಇಲ್ಲಿ ಕೀಲಿಕೈ ತಲ್ಲೀನತೆಗಿಂತ ಹೆಚ್ಚಾಗಿ ನೆನಪಿನ ಸಂಶೋಧನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಎರಿಕ್ಸನ್, ವಿಲಿಯಂ ಚೇಸ್ ಮತ್ತು ಸಂಗಡಿಗರು 1980ರಲ್ಲಿ ವರದಿ ಮಾಡಿದ ಪ್ರಸಿದ್ಧ ಪ್ರಕರಣವೊಂದಿದೆ. ಸಾಮಾನ್ಯ ನೆನಪಿನ ಕಾಲೇಜು ವಿದ್ಯಾರ್ಥಿಯೊಬ್ಬ, ಸೆಕೆಂಡಿಗೆ ಒಂದರಂತೆ ಓದಿ ಹೇಳಿದ ಅಂಕಿಗಳನ್ನು ಮರಳಿ ಒಪ್ಪಿಸುವ ಪರೀಕ್ಷೆಯಲ್ಲಿ ಎಲ್ಲರಂತೆ ಏಳರಿಂದ ಹೊರಟು, 230 ಗಂಟೆಗಳಿಗೂ ಮೀರಿದ ಅಭ್ಯಾಸದ ಬಳಿಕ 79 ಅಂಕಿಗಳನ್ನು ಮುಟ್ಟಿದ. ಆತ ದೂರ ಓಟಗಾರ. ಮೂರು ನಾಲ್ಕು ಅಂಕಿಗಳ ಗುಂಪನ್ನು ಓಟದ ಸಮಯವಾಗಿ ಬದಲಿಸಿ ನೆನಪಿಡುತ್ತಿದ್ದ. ಅಂಕಿಯ ಬದಲು ವ್ಯಂಜನಾಕ್ಷರ ಕೊಟ್ಟಾಗ ಆತನ ಸಾಮರ್ಥ್ಯ ಮತ್ತೆ ಆರರ ಆಸುಪಾಸಿಗೆ ಇಳಿಯಿತು. ಹಿಗ್ಗಿದ್ದು ತಾತ್ಕಾಲಿಕ ನೆನಪಿನ ಪಾತ್ರೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. 1995ರಲ್ಲಿ ಎರಿಕ್ಸನ್ ಮತ್ತು ವಾಲ್ಟರ್ ಕಿಂಚ್ ಇದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು: ನುರಿತವರು ತಮ್ಮ ಕ್ಷೇತ್ರದ ವಿಷಯವನ್ನು ನೇರವಾಗಿ ದೀರ್ಘಕಾಲದ ನೆನಪಿನಲ್ಲಿಯೇ ಇಟ್ಟು, ಮರಳಿ ತರಲು ಬೇಕಾದ ಸುಳಿವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಅಡ್ಡಿ ಬಂದು ಗಮನ ಬೇರೆಡೆಗೆ ಹೋದರೂ ಸುಳಿವಿನ ಮೂಲಕ ಬಿಟ್ಟಲ್ಲಿಗೆ ಹಿಂತಿರುಗಬಹುದು.

ಅವಧಾನಿಗೆ ಛಂದಸ್ಸೇ ಈ ಸುಳಿವಿನ ಚೌಕಟ್ಟು. ವೃತ್ತ ಯಾವುದೆಂದು ಗೊತ್ತಾದ ಕ್ಷಣಕ್ಕೆ ಗಣಗಳ ಸ್ಥಾನ, ಯತಿ, ಪ್ರಾಸಾಕ್ಷರ ಇವೆಲ್ಲ ಗೋಡೆಗೆ ಹೊಡೆದ ಗೂಟಗಳಂತೆ ಸಿದ್ಧವಾಗಿರುತ್ತವೆ. ಹೊಸ ಪದಗಳನ್ನು ಅವುಗಳಿಗೆ ತಗುಲಿಸುತ್ತ ಹೋಗುವುದಷ್ಟೇ ಉಳಿಯುವುದು. ನಾಲ್ಕು ಪಾದ ಎಂದರೆ ಎಷ್ಟೋ ಬಿಡಿ ಅಕ್ಷರಗಳಲ್ಲ, ಒಂದು ಅರ್ಥ ಮತ್ತು ಒಂದು ಲಯ. ಸಂಖ್ಯಾಬಂಧದ 25 ಮನೆಗಳಿಗೂ ಹಿಂದೆ ಒಂದು ಕಟ್ಟುವ ಕ್ರಮವಿದೆ. ಕೇಳಿದ ಮನೆಯ ಅಂಕಿಯನ್ನು ಆ ಕ್ರಮದಿಂದಲೇ ಹೊರಡಿಸಬಹುದು. ಕನ್ನಡದಲ್ಲಿ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿರುವ ಶತಾವಧಾನಿ ರಾ. ಗಣೇಶರ ಅವಧಾನಗಳನ್ನು ನೋಡಿದವರು ಗಮನಿಸಿರಬಹುದು: ಅಪ್ರಸ್ತುತ ಪ್ರಸಂಗಿಗೆ ನಗುತ್ತ ಉತ್ತರ ಕೊಟ್ಟು, ಮರುಕ್ಷಣ ಪದ್ಯಕ್ಕೆ ಮರಳುವಾಗ ಹಿಂದಿನ ಪಾದ ಎಲ್ಲಿಗೆ ನಿಂತಿತ್ತೆಂದು ತಡಕಾಡುವುದು ಕಾಣುವುದಿಲ್ಲ. ನಿಷೇಧಾಕ್ಷರಿಯ ಮಾತು ಮಾತ್ರ ಬೇರೆ. ಅಲ್ಲಿ ಪ್ರತಿ ಅಕ್ಷರಕ್ಕೂ ಸುಲಭದ ದಾರಿಯನ್ನೇ ಮುಚ್ಚುತ್ತಾರೆ. ಬಾಯಿಗೆ ಬಂದದ್ದನ್ನು ತಡೆದು ಇನ್ನೊಂದನ್ನು ಹುಡುಕುವ ಆ ಕೆಲಸ ಪ್ರಿಫ್ರಂಟಲ್ ಕಾರ್ಟೆಕ್ಸಿನ ನೆರವಿಲ್ಲದೆ ನಡೆಯುತ್ತದೆ ಎಂದರೆ ನಾನಂತೂ ನಂಬಲಾರೆ.

ನೆನಪಿನ ಇಂಥ ಸಾಧನೆ ಮಿದುಳಿನ ರಚನೆಯಲ್ಲೂ ಕಾಣಬಹುದೇ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. ಜೇಮ್ಸ್ ಹಾರ್ಟ್‌ಝೆಲ್ ಮತ್ತು ಸಂಗಡಿಗರು ಶುಕ್ಲ ಯಜುರ್ವೇದವನ್ನು ಬಾಲ್ಯದಿಂದ ಕಂಠಪಾಠ ಮಾಡಿದ 21 ಪಂಡಿತರನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ, ಪಂಡಿತರಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಲಬದಿ ಮತ್ತು ಕಿವಿಯ ಬದಿಯ ಟೆಂಪೊರಲ್ ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿರುವುದನ್ನು 2016ರಲ್ಲಿ ವರದಿ ಮಾಡಿದರು. ಕಂಠಪಾಠದಿಂದಲೇ ಹಾಗಾಯಿತೆಂದು ಒಮ್ಮೆ ಮಾತ್ರ ತೆಗೆದ ಚಿತ್ರಗಳಿಂದ ಹೇಳಲಾಗದು, ಇದನ್ನು ಹಂಚಿಕೊಳ್ಳುವ ಉತ್ಸಾಹಿಗಳು ಆ ಎಚ್ಚರವನ್ನು ಕೈಬಿಡುತ್ತಾರೆ.

ಮರುಪ್ರಶ್ನೆ | ಕರಾವಳಿಗ

ಮೂವರಿಗೂ ವಂದನೆಗಳು. ಇನ್ನೆರಡು ವಿಷಯ ಉಳಿಯಿತು. ಆ ಐದು ರಾಸಾಯನಿಕಗಳ ಕಥೆ ಎಷ್ಟು ನಿಜ? ಕೂಟಕ್ಕೆ ಮುನ್ನ ಸ್ವಲ್ಪ ಎದೆಬಡಿತ ಇದ್ದ ದಿನಗಳಲ್ಲೇ ಮಾತು ಚೆನ್ನಾಗಿ ಬರುವುದನ್ನು ನಮ್ಮಲ್ಲಿ ಹಲವರು ಹೇಳುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಎರಡನೆಯದಾಗಿ, ಪಿಯಾನೋ, ಗಿಟಾರ್, ಲೆಕ್ಕಗಳೆಲ್ಲ ಸರಿ. ಆಶುವಾಗಿ ಮಾತನಾಡುವವರನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಉತ್ತರ | ಮಿದುಳುಪುರಾಣ

ಐದರಲ್ಲಿ ಎರಡಕ್ಕೆ ಮಾತ್ರ ಆಧಾರವೆನ್ನಬಹುದಾದದ್ದು ಇದೆ. ಡೋಪಮೈನ್ ವಿಷಯದಲ್ಲಿ, ಸ್ವೀಡನ್ನಿನ ಓರ್ಯನ್ ದೆ ಮಾನ್ಸಾನೊ ಮತ್ತು ಸಂಗಡಿಗರು 2013ರಲ್ಲಿ 25 ಜನರ ಪೆಟ್ ಸ್ಕ್ಯಾನ್ ಮಾಡಿ, ದಿನನಿತ್ಯದ ಬದುಕಿನಲ್ಲಿ ಹೆಚ್ಚು ಸುಲಭವಾಗಿ ತಲ್ಲೀನರಾಗುವವರ ಮಿದುಳಿನ ಸ್ಟ್ರಯೇಟಮ್ ಎಂಬ ಒಳಭಾಗದಲ್ಲಿ ಡಿ2 ಎಂಬ ಡೋಪಮೈನ್ ಗ್ರಾಹಕಗಳು ಹೆಚ್ಚು ಲಭ್ಯವಿರುವುದನ್ನು ಕಂಡರು. ಇದು ವ್ಯಕ್ತಿಯ ಪ್ರವೃತ್ತಿಗೆ ಸಂಬಂಧಿಸಿದ್ದು. ತಲ್ಲೀನತೆಯ ಹೊತ್ತಿನಲ್ಲಿ ಡೋಪಮೈನ್ ‘ಸುರಿಯಿತು’ ಎಂದು ಅಲ್ಲಿ ಯಾರೂ ಅಳೆದಿಲ್ಲ.

ನಾರ್‌ಅಡ್ರಿನಲಿನ್ ಕಥೆ ನಿಮ್ಮ ಎದೆಬಡಿತಕ್ಕೆ ಹತ್ತಿರವಾದದ್ದು. ಮಿದುಳಕಾಂಡದಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಗಂಟು ಮಿದುಳಿನ ಬಹುಭಾಗಕ್ಕೆ ಇದನ್ನು ಒದಗಿಸುತ್ತದೆ. ಗ್ಯಾರಿ ಆಸ್ಟನ್-ಜೋನ್ಸ್ ಮತ್ತು ಜೊನಾಥನ್ ಕೋಹೆನ್ 2005ರಲ್ಲಿ ವಿವರಿಸಿದಂತೆ, ಅದರ ಹಿನ್ನೆಲೆಯ ಮಿಡಿತ ತೀರ ಕಡಿಮೆಯಾದರೆ ಪ್ರಾಣಿ ತೂಕಡಿಸುತ್ತದೆ, ತೀರ ಹೆಚ್ಚಾದರೆ ಗಮನ ಎಲ್ಲೆಲ್ಲಿಗೋ ಹಾರುತ್ತದೆ. ನಡುಮಟ್ಟದಲ್ಲಿ ಮಾತ್ರ ಮುಖ್ಯವಾದ ಸಂಗತಿ ಎದುರಾದಾಗ ಚುರುಕಾದ ಸಿಡಿತ ಕಾಣಿಸಿಕೊಂಡು ಕೆಲಸ ಚೆನ್ನಾಗಿ ನಡೆಯುತ್ತದೆ. ಬೇಸರ ಮತ್ತು ಆತಂಕಗಳ ನಡುವೆ ತಲ್ಲೀನತೆ ಇದೆ ಎಂಬ ಹಳೆಯ ಮಾತಿಗೆ ಇದು ಹೊಂದುವುದರಿಂದ, ಡಿಮಿಟ್ರಿ ವ್ಯಾನ್ ಡೆರ್ ಲಿಂಡೆನ್ ಮತ್ತು ಸಂಗಡಿಗರು 2021ರಲ್ಲಿ ಎರಡನ್ನೂ ಜೋಡಿಸಿ ಒಂದು ವಾದ ಮಂಡಿಸಿದ್ದಾರೆ. ಹಾಗೆಯೇ ದೆ ಮಾನ್ಸಾನೊ ತಂಡ 2010ರಲ್ಲಿ ಪಿಯಾನೋ ವಾದಕರನ್ನು ಪರೀಕ್ಷಿಸಿದಾಗ, ಹೆಚ್ಚು ತಲ್ಲೀನರಾದ ನುಡಿಸಾಣಿಕೆಗಳಲ್ಲಿ ಹೃದಯ ಬಡಿತ ಏರಿತ್ತು, ಉಸಿರು ಆಳವಾಗಿತ್ತು, ನಗುವಿನ ಸ್ನಾಯು ಹೆಚ್ಚು ಚಟುವಟಿಕೆಯಿಂದಿತ್ತು. ಅನುಭವಕ್ಕೆ ನಿರಾಯಾಸವೆನಿಸಿದರೂ ದೇಹ ವಿಶ್ರಾಂತಿಯಲ್ಲಿರುವುದಿಲ್ಲ. ನಿಮ್ಮ ಸಂಗಡಿಗರ ಎದೆಬಡಿತವನ್ನು ಕೆಟ್ಟ ಶಕುನವೆಂದು ನೋಡಬೇಕಿಲ್ಲ. ಉಳಿದ ಮೂರು ರಾಸಾಯನಿಕಗಳನ್ನು ಬಹುಪಾಲು ದೂರ ಓಟ ಮುಂತಾದ ವಿಷಯಗಳ ಸಂಶೋಧನೆಯಿಂದ ಎರವಲು ತಂದು ಪಟ್ಟಿಗೆ ಸೇರಿಸಲಾಗಿದೆ. ‘ಐದು ಪಟ್ಟು’ ಎಂಬುದು ದೊಡ್ಡ ಸಂಸ್ಥೆಗಳ ಅಧಿಕಾರಿಗಳು ತಮ್ಮ ಬಗ್ಗೆ ತಾವೇ ಕೊಟ್ಟುಕೊಂಡ ಅಂದಾಜು. ಅದನ್ನು ಅಳತೆ ಎನ್ನುವಂತಿಲ್ಲ.

ಆಶುವಾದ ಮಾತಿನ ಅಧ್ಯಯನ ಇದೆ. ಸಿಯುವಾನ್ ಲಿಯು, ಅಲೆನ್ ಬ್ರೌನ್ ಮತ್ತು ಸಂಗಡಿಗರು 2012ರಲ್ಲಿ 12 ಮಂದಿ ಫ್ರೀಸ್ಟೈಲ್ ರ‍್ಯಾಪ್ ಕಲಾವಿದರನ್ನು ಯಂತ್ರದೊಳಗೆ ಮಲಗಿಸಿ, ತಾಳಕ್ಕೆ ಕಟ್ಟುಬಿದ್ದು ಪ್ರಾಸಬದ್ಧವಾಗಿ ಆಶುವಾಗಿ ಹೇಳುವುದನ್ನೂ ಕಲಿತದ್ದನ್ನು ಒಪ್ಪಿಸುವುದನ್ನೂ ಹೋಲಿಸಿದರು. ಫಲಿತಾಂಶ ಜಾಝ್ ಪಿಯಾನೋ ವಾದಕರದ್ದನ್ನೇ ಹೋಲುತ್ತಿತ್ತು: ನಡುಗೆರೆಯ ಭಾಗ ಏರಿತು, ಹೊರಪಾರ್ಶ್ವ ಇಳಿಯಿತು.

ಆದರೆ ಅವರೆಲ್ಲ ಒಬ್ಬೊಬ್ಬರೇ ಹೇಳಿದವರು, ನುಡಿಸಿದವರು. ತಾಳಮದ್ದಳೆಯಲ್ಲಿ ನಿಮಗೆ ಎದುರಾಳಿ ಇರುತ್ತಾನೆ. ಅದಕ್ಕೆ ಹತ್ತಿರವಾದದ್ದು ಲಿಂಬ್ ಅವರ ತಂಡವೇ 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ; ಯಂತ್ರದೊಳಗಿನ ಪಿಯಾನೋ ವಾದಕ ಹೊರಗಿದ್ದ ಇನ್ನೊಬ್ಬನೊಡನೆ ನಾಲ್ಕು ನಾಲ್ಕು ಆವರ್ತಗಳ ಸವಾಲ್ ಜವಾಬ್ ನಡೆಸಬೇಕಿತ್ತು. ಆಗ ಭಾಷೆಯ ವಾಕ್ಯರಚನೆಗೆ ಸಂಬಂಧಿಸಿದ ಫ್ರಂಟಲ್ ಮತ್ತು ಟೆಂಪೊರಲ್ ಭಾಗಗಳು ಚುರುಕಾದವು, ಮತ್ತು ಒಬ್ಬಂಟಿ ಆಶುವಾದನದಲ್ಲಿ ತಗ್ಗಿದ್ದ ಅದೇ ಹೊರಪಾರ್ಶ್ವದ ಪ್ರಿಫ್ರಂಟಲ್ ಕಾರ್ಟೆಕ್ಸ್ ಎರಡೂ ಬದಿಗಳಲ್ಲಿ ಏರಿತ್ತು. ಎದುರಿನವನು ಈಗಷ್ಟೇ ನುಡಿಸಿದ್ದನ್ನು ನೆನಪಿನಲ್ಲಿ ಹಿಡಿದು ಅದಕ್ಕೆ ತಕ್ಕ ಉತ್ತರ ಕಟ್ಟಬೇಕಾದ್ದರಿಂದ ಹೀಗಾಗಿರಬಹುದು ಎಂಬುದು ಸಂಶೋಧಕರ ವಿವರಣೆ. ಕೃಷ್ಣನ ಮಾತಿಗೆ ಉತ್ತರ ಕಟ್ಟುತ್ತಿರುವ ಕೌರವನ ಅರ್ಥಧಾರಿಗೂ ಇದು ಅನ್ವಯಿಸುತ್ತದೆಂದು ನಾನು ಊಹಿಸುತ್ತೇನೆ. ದೀರ್ಘ ಪೀಠಿಕೆ ಹೇಳುವಾಗ ಮತ್ತು ವಾದಕ್ಕೆ ನಿಂತಾಗ ನಿಮ್ಮ ತಲ್ಲೀನತೆ ಒಂದೇ ಬಗೆಯದಾಗಿರುತ್ತದೆಯೇ ಎಂದು ನೀವೇ ಹೇಳಬೇಕು.